ಕೆಂಪು ಬಾವಿಗಳ ಬಾಕಿ

ರಾಜಸ್ಥಾನದ ಉದಯಪುರದ ಬಳಿ ಬಿಚ್ಛ್ರಿ ಎಂಬ ಹಳ್ಳಿ. 1988ರಲ್ಲಿ ಅಲ್ಲೊಂದು ಕಾರ್ಖಾನೆ ಬಟ್ಟೆಬಣ್ಣಕ್ಕೆ ಬೇಕಾಗುವ ‘ಎಚ್-ಆಸಿಡ್’ ತಯಾರಿಸತೊಡಗಿತು. ವರ್ಷ ತುಂಬುವಷ್ಟರಲ್ಲಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಬಂದ ಮಾಲು 375 ಟನ್, ಉಳಿದ ವಿಷದ ಕೆಸರು ಸುಮಾರು 2,400 ಟನ್. ಬಯಲಲ್ಲಿ ಸುರಿದ ಕೆಸರಿನ ಮೇಲೆ ಮಳೆ ಹೊಯ್ದು, ಸುತ್ತಲಿನ ಬಾವಿಗಳ ನೀರು ಕಡುಗೆಂಪಾಯಿತು. ಮನುಷ್ಯರ ಮಾತಿರಲಿ, ದನಕ್ಕೂ ಹೊಲಕ್ಕೂ ಆಗದ ನೀರು. ಊರವರು ರೊಚ್ಚಿಗೆದ್ದಾಗ ಜಿಲ್ಲಾಡಳಿತ 144ನೇ ಸೆಕ್ಷನ್ ಜಾರಿ ಮಾಡಿತು. ವಿಷ ಮಾತ್ರ ಯಾವ ಸೆಕ್ಷನ್ನಿಗೂ ಹೆದರದೆ ಹರಿಯುತ್ತಲೇ ಇತ್ತು!

ಕೆಸರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದರೆ, ಸಾಗಿಸಿದ್ದು 720 ಟನ್. ಉಳಿದದ್ದರಲ್ಲಿ ಬಹುಪಾಲಿನ ಮೇಲೆ ಮಣ್ಣೆಳೆದರು. ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಮೇಲಿನ ವಿಷ ತೆಗೆಯದೆ ಕೆಳಗಿನ ನೀರನ್ನು ಎಷ್ಟು ಎತ್ತಿ ಸೋಸಿದರೂ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಆ ಕೆಸರು, ಅದು ಬೆರೆತ ಮಣ್ಣು ತೆಗೆದ ಮೇಲೂ ಕೆಲಸ ಸಲೀಸಲ್ಲ. ಬಂಡೆಯ ಬಿರುಕಿನಲ್ಲಿ, ಜೇಡಿಯ ಪದರದಲ್ಲಿ ಕೂತ ರಾಸಾಯನಿಕ ಒಂದೇ ಸಲಕ್ಕೆ ಹೊರಬರುವುದಿಲ್ಲ. ಪಂಪು ಓಡುವಷ್ಟು ದಿನ ನೀರು ಸುಧಾರಿಸಿದಂತೆ ಕಾಣುತ್ತದೆ. ಪಂಪು ನಿಲ್ಲಿಸಿ ಕೆಲವು ತಿಂಗಳ ನಂತರ ಪರೀಕ್ಷಿಸಿದರೆ ವಿಷದ ಅಂಶ ಮತ್ತೆ ಏರಿರುತ್ತದೆ. ಹಾಗಾಗಿ ಇದು ದಶಕಗಳ ಕೆಲಸ, ದಶಕಗಳ ಕರೆಂಟ್ ಬಿಲ್ಲು.

ಆ ಬಿಲ್ಲು ಕಟ್ಟುವವರು ಯಾರು? ಕೆಡಿಸಿದವರೇ ಶುದ್ಧೀಕರಣದ ಖರ್ಚು ತೆರಬೇಕೆಂದು 1996ರಲ್ಲಿ ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅವರಿದ್ದ ಪೀಠ ತೀರ್ಪಿತ್ತಿತು. ಮರುವರ್ಷ 37.385 ಕೋಟಿ ರೂಪಾಯಿ ನಿಗದಿಯಾಯಿತು. ಕಂಪನಿಯವರು ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋದರು. 2011ರಲ್ಲೂ ಹಣ ಬಾಕಿಯೇ! ಕೊನೆಗೆ ಕೋರ್ಟು ಶೇ 12ರ ಚಕ್ರಬಡ್ಡಿ ಹೇರಿ, ಮೇಲೆ 10 ಲಕ್ಷ ರೂಪಾಯಿ ವ್ಯಾಜ್ಯದ ಖರ್ಚು ಕಟ್ಟಲು ಹೇಳಿತು. ಬಡ್ಡಿಯಿಂದ ಬಾವಿ ತಿಳಿಯಾಗುತ್ತದೆಯೇ?

ನಮ್ಮ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲೂ ಕ್ರೋಮಿಯಂ ಪತ್ತೆಯಾಗಿದೆ. ಅಷ್ಟೊಂದು ಸಣ್ಣಪುಟ್ಟ ಘಟಕಗಳ ನಡುವೆ ಯಾರದೆಷ್ಟು ಪಾಲು ಎಂದು ಲೆಕ್ಕ ಹಾಕುವುದೇ ಒಂದು ವ್ಯಾಜ್ಯವಾದೀತು. ಅದಕ್ಕೇ ಹಣ ಮೊದಲೇ ಕೈಯಲ್ಲಿರಬೇಕು. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ರೂಢಿಯಿರುವ ಊರು ನಮ್ಮದು. ರಾಸಾಯನಿಕ ಬಳಸುವ ಕಾರ್ಖಾನೆಗೆ ಪರವಾನಗಿ ಕೊಡುವ ದಿನವೇ ಸರ್ಕಾರ ಶುದ್ಧೀಕರಣದ ಠೇವಣಿ ಇಡಿಸಿಕೊಳ್ಳಲಿ.