ನ್ಯಾಸಾಪಹಾರವೆಂಬ ದೋಷ

ಕ್ರಿಪ್ಟೊ ನಾಣ್ಯಗಳ ವಿನಿಮಯ ಸಂಸ್ಥೆ ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ಕುಸಿಯಿತು. ಗ್ರಾಹಕರು ನಂಬಿ ಇರಿಸಿದ್ದ ಹಣವನ್ನು ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ತನ್ನದೇ ಇನ್ನೊಂದು ಸಂಸ್ಥೆಗೆ ಸಾಗಿಸಿದ್ದನು. ಕುಸಿತದ ಮುನ್ನಾದಿನಗಳಲ್ಲಿಯೂ ‘ಹಣ ಸುರಕ್ಷಿತ’ವೆಂದೇ ಸಾರಿದ್ದನು. 2024ರ ಮಾರ್ಚ್ 28ರಂದು ನ್ಯೂಯಾರ್ಕ್‌ನ ನ್ಯಾಯಾಲಯ 32 ವರ್ಷದ ಆತನಿಗೆ 25 ವರ್ಷಗಳ ಸೆರೆವಾಸ ವಿಧಿಸಿತು.

ನಂಬಿ ಇಟ್ಟ ದ್ರವ್ಯವನ್ನು ನುಂಗುವುದು ನ್ಯಾಸಾಪಹಾರ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಇದನ್ನು ಅಚೌರ್ಯದ ಬದಲು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಕಾಯುವೆನೆಂದು ಕೊಟ್ಟ ಮಾತೇ ಮೊದಲು ಸುಳ್ಳಾಗುತ್ತದೆಯಲ್ಲವೇ? ಪೂಜ್ಯಪಾದರ ವ್ಯಾಖ್ಯಾನ ಇನ್ನೂ ಸೂಕ್ಷ್ಮವಾದುದು: ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿದರೂ ಅದು ನ್ಯಾಸಾಪಹಾರವೇ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಶ್ರಾವಕರಿಗೆ ಈ ಪಾಠ ದೂರದ್ದಲ್ಲ. ಪತ್ತಿನ ಸಂಘದ ಠೇವಣಿ, ಅಡತಿ ಅಂಗಡಿಯಲ್ಲಿ ರೈತ ಬಿಟ್ಟುಹೋದ ಬಾಕಿ, ಬಸದಿಯ ಕಾಣಿಕೆ ಎಲ್ಲವೂ ನ್ಯಾಸವೇ. ಯಾರ ಮರೆವು ಇಂದು ತನಗೆ ಲಾಭವಾಯಿತೆಂದು ಶ್ರಾವಕನು ಸಂಜೆಯ ಪ್ರತಿಕ್ರಮಣದಲ್ಲಿ ತನ್ನನ್ನೇ ಕೇಳಿಕೊಳ್ಳಲಿ. ನೆನಪಾದುದನ್ನು ಮರುದಿನವೇ ಹಿಂದಿರುಗಿಸಲಿ.