ಬಣ್ಣ ಬದಲಾಗಲಿ, ಬೀಜ ಕೈತಪ್ಪದಿರಲಿ

ಬಣ್ಣಕ್ಕೂ ಬೆಲೆಗೂ ಇರುವ ನಂಟನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬಿಳಿ ಗೂಡಿಗೊಂದು ದರ, ಹಳದಿ ಗೂಡಿಗೊಂದು ದರ. ಮರಳವಾಡಿ ಕಡೆಯ ಟೊಮೇಟೊ ಕೆಂಪಾಗಿ ಹೊಳೆದರೆ ಒಂದು ದರ, ತೊಟ್ಟಿನ ಬಳಿ ಹಸಿರು ಉಳಿದರೆ ಇನ್ನೊಂದು.

ಈಗ ವಿಜ್ಞಾನಿಗಳು ಹಣ್ಣಿನ ಬಣ್ಣವನ್ನೇ ತಿದ್ದುವ ವಿದ್ಯೆ ಸಾಧಿಸಿದ್ದಾರೆ. ಗಿಡದ ಪ್ರತಿಯೊಂದು ಜೀವಕಣದಲ್ಲೂ ಅದರ ಗುಣಗಳ ಬರಹವಿರುತ್ತದೆ. ಆ ಬರಹದಲ್ಲಿ ಗೊತ್ತಾದ ಒಂದು ಜಾಗವನ್ನು ಹುಡುಕಿ ಕತ್ತರಿಸುವುದೇ ಜೀನ್ ತಿದ್ದುವ ಕೆಲಸ. ಟೊಮೇಟೊ ಸಿಪ್ಪೆಗೆ ಹಳದಿ ಬಣ್ಣ ಕೊಡುವ ಜೀನನ್ನು ಹೀಗೆ ನಿಲ್ಲಿಸಿ ಚೀನಾದ ಸಂಶೋಧಕರು 2018ರಲ್ಲಿ ಕೆಂಪು ತಳಿಯಿಂದ ಗುಲಾಬಿ ಹಣ್ಣು ಪಡೆದರು. ಬಿಟಿ ಬದನೆಯಂತೆ ಇದರಲ್ಲಿ ಬೇರೆ ಜೀವಿಯ ಜೀನು ಉಳಿಯಬೇಕಾಗಿಲ್ಲ. 2010ರಲ್ಲಿ ಬಿಟಿ ಬದನೆಯನ್ನು ತಡೆಹಿಡಿದ ಕೇಂದ್ರ ಸರ್ಕಾರವು 2022ರ ಮಾರ್ಚ್‌ನಲ್ಲಿ ಇಂಥ ಗಿಡಗಳಿಗೆ ಹಳೆಯ ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ತರಕಾರಿಯ ಸರದಿಯೂ ಬಂದೇ ಬರುತ್ತದೆ.

ವಿಜ್ಞಾನವನ್ನು ಕಂಡು ಬೆದರುವವರು ನಾವಲ್ಲ. ನಾವು ಕೇಳುವುದು ಇಷ್ಟೆ: ಈ ಬಣ್ಣ ಯಾರ ಹಿತಕ್ಕಾಗಿ?

ಹಣ್ಣು ಒಂದೇ ಸಮನೆ ಕೆಂಪಾಗಲೆಂದು ತಳಿಗಾರರು ಸುಮಾರು 70 ವರ್ಷಗಳ ಕಾಲ ತೊಟ್ಟಿನ ಬಳಿ ಹಸಿರಿಲ್ಲದ ಗಿಡಗಳನ್ನೇ ಆರಿಸುತ್ತ ಬಂದರು. ಹಣ್ಣಿಗೆ ಸಕ್ಕರೆ ಕೂಡಿಸುವುದರಲ್ಲಿ ಆ ಹಸಿರಿಗೂ ಪಾಲಿತ್ತೆಂದು 2012ರಲ್ಲಿ ತಿಳಿದುಬಂತು. ಮಂಡಿಯ ಕಣ್ಣಿಗೆ ಚೆಂದ, ಉಣ್ಣುವವನ ನಾಲಿಗೆಗೆ ಸಪ್ಪೆ!

ಅದಕ್ಕಿಂತ ದೊಡ್ಡದು ಬೀಜದ ಪ್ರಶ್ನೆ. ಶುದ್ಧ ತಳಿಯಲ್ಲಿ ನೆಲೆಗೊಂಡ ತಿದ್ದುಪಡಿ ಬೀಜದಿಂದ ಬೀಜಕ್ಕೆ ತಾನಾಗಿ ಇಳಿಯುತ್ತದೆ. ರೈತ ತನ್ನ ಹಣ್ಣಿನ ಬೀಜವನ್ನೇ ಮತ್ತೆ ಬಿತ್ತಬಹುದು. ಬೀಜವನ್ನು ಉಳಿಸಿ ಹಂಚಿಕೊಳ್ಳುವ ಹಕ್ಕನ್ನು 2001ರ ಕಾಯಿದೆಯೂ ಅವನಿಗೆ ಕೊಟ್ಟಿದೆ. ಆದರೆ ಅದೇ ಬಣ್ಣವನ್ನು ಹೈಬ್ರಿಡ್‌ನಲ್ಲಿ ಕೂಡಿಸಿ ಮಾರಿದರೆ, ಮರುಬಿತ್ತನೆಯಲ್ಲಿ ಗುಣಗಳು ಚೆದರಿ, ಪ್ರತಿ ಬೆಳೆಗೂ ಕಂಪನಿಯ ಪೊಟ್ಟಣಕ್ಕೆ ಕೈಯೊಡ್ಡಬೇಕಾಗುತ್ತದೆ.

ರೇಷ್ಮೆಯಲ್ಲಿ ಇದರ ಪಾಠ ನಮ್ಮ ಮುಂದಿದೆ. ಮಿಶ್ರತಳಿಯ ಹುಳು ಬಂದ ಮೇಲೆ ರೈತ ಪ್ರತಿ ಬೆಳೆಗೂ ಮೊಟ್ಟೆಯನ್ನು ಕೊಳ್ಳಲೇಬೇಕಾಯಿತು. ಆದರೆ ಸರ್ಕಾರಿ ಬಿತ್ತನೆ ಕೋಠಿಗಳು ಇದ್ದುದರಿಂದ ಅದು ಕೇವಲ ಸಾಹುಕಾರರ ಸೊತ್ತಾಗಲಿಲ್ಲ. ತರಕಾರಿ ಬೀಜಕ್ಕೂ ಅಂಥ ಆಸರೆ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ನಡೆಯುವುದು ಜನರ ತೆರಿಗೆಯಿಂದ. ಬೀಜ ಉಳಿಸಿಕೊಳ್ಳಬಲ್ಲ ಅರ್ಕಾ ವಿಕಾಸ್ ಟೊಮೇಟೊ ಕೊಟ್ಟದ್ದೂ ಅದೇ ಸಂಸ್ಥೆ.

ಆದ್ದರಿಂದ ನಮ್ಮ ಒತ್ತಾಯ ಮೂರು. ಸಾರ್ವಜನಿಕ ಹಣದಲ್ಲಿ ತಿದ್ದಿದ ತರಕಾರಿ ತಳಿಗಳು ಮರುಬಿತ್ತನೆಗೆ ಒದಗುವ ಶುದ್ಧ ತಳಿಗಳಾಗಿಯೂ ರೈತರಿಗೆ ಸಿಗಬೇಕು. ತಿದ್ದಿದ ಬೀಜವೆಂದು ಪೊಟ್ಟಣದ ಮೇಲೆ ಕನ್ನಡದಲ್ಲಿ ಅಚ್ಚಾಗಬೇಕು. ಬಣ್ಣದ ಜೊತೆಗೆ ರುಚಿ, ಸತ್ವ ಮತ್ತು ಇಳುವರಿಯ ಪರೀಕ್ಷೆಯೂ ನಡೆದು, ಫಲಿತಾಂಶ ಬಹಿರಂಗವಾಗಬೇಕು.

ಇದು ರೈತನೊಬ್ಬನ ಚಿಂತೆಯೆಂದು ಗಿರಣಿಯ ಸಂಗಾತಿಗಳು, ಪೇಟೆಯ ಚಿಲ್ಲರೆ ವ್ಯಾಪಾರಿಗಳು ಸುಮ್ಮನಿರಬಾರದು. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದಾಗ ನೂಲು ಬಿಚ್ಚುವವರ ಮನೆಯ ಸಾರಿಗೂ ಬಿಸಿ ತಟ್ಟಿತು, ತಳ್ಳುಗಾಡಿಯವನ ಬಂಡವಾಳಕ್ಕೂ ತಟ್ಟಿತು. ಬೀಜದ ಬೆಲೆ ನಾಲ್ಕು ಜನರ ಮುಷ್ಟಿಗೆ ಸೇರಿದರೆ ಅದರ ಹೊರೆಯೂ ಹೀಗೆಯೇ ನಮ್ಮ ಹೆಗಲಿಗೆ ಬೀಳುತ್ತದೆ. ಮರಳವಾಡಿ ಹೋಬಳಿಯ ಗ್ರಾಮಸಭೆಗಳು ಈ ಮೂರು ಬೇಡಿಕೆಗಳ ಠರಾವು ಮಾಡಿ ಸರ್ಕಾರಕ್ಕೆ ಕಳಿಸಲಿ. ಪೇಟೆಯ ಸಂಘಗಳು ಅದಕ್ಕೆ ದನಿಗೂಡಿಸಲಿ. ಬೀಜ ಮಾರುಕಟ್ಟೆಗೆ ಬಂದ ಮೇಲೆ ಕೂಗಿದರೆ ಕೇಳುವವರಿರುವುದಿಲ್ಲ.