ಬಾಟಲಿಯನ್ನೂ ಓದಲು ಕಲಿಸಿ

ಕಾಸರಗೋಡಿನ ಬಡ್ಸ್ ಶಾಲೆಗಳಲ್ಲಿ ಬೌದ್ಧಿಕ ಸವಾಲಿನ ಮಕ್ಕಳಿಗೆ ದಿನನಿತ್ಯದ ಬದುಕಿನ ಪಾಠ ಹೇಳಿಕೊಡುತ್ತಾರೆ. ಲೇಬಲ್ ಓದಿಸುವುದಕ್ಕೂ ಅದರಲ್ಲಿ ಹೆಚ್ಚಿನ ಜಾಗ ಬೇಕು. ನಮ್ಮಲ್ಲಿ ಅಡಿಕೆಗೆ ಬಿಡುವುದೂ ಮದ್ದು, ಕೆಮ್ಮಿಗೆ ಕುಡಿಯುವುದೂ ಮದ್ದು! ಮನೆಮಾತು ಕನ್ನಡವೋ ತುಳುವೋ. ಬಾಟಲಿ ಮೇಲೆ ಹೆಚ್ಚಾಗಿ ಇಂಗ್ಲಿಷ್.

ಅಕ್ಷರ ಬಾರದ ಮಗುವೂ ಬಣ್ಣ ಗುರುತಿಸೀತು. 1971ರ ಕೀಟನಾಶಕ ನಿಯಮದಂತೆ ಡಬ್ಬಿಯಲ್ಲಿ ವಜ್ರಾಕೃತಿಯ ಗುರುತಿರಬೇಕು: ಕೆಂಪು ಅತಿ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ತೊಡಕು ಇಲ್ಲೇ. ಬಿಸ್ಕತ್ತಿನ ಪ್ಯಾಕೆಟಿನಲ್ಲೂ ಹಸಿರು ಚುಕ್ಕೆ ಇದೆ, ಅದು ಸಸ್ಯಾಹಾರದ್ದು. ಇವೆರಡನ್ನೂ ಪಕ್ಕಪಕ್ಕ ಇಟ್ಟು, ಹತ್ತಾರು ಸಲ ತೋರಿಸಿಯೇ ಕಲಿಸಬೇಕು. ವಿಷದ ಖಾಲಿ ಡಬ್ಬಿ ಮಾತ್ರ ಕ್ಲಾಸಿಗೆ ಬೇಡ, ಫೋಟೋ ಸಾಕು. ಕನ್ನಡದಲ್ಲಿ ಬರೆದ ಅಂಥ ಚಿತ್ರಕಾರ್ಡುಗಳನ್ನು ಗಡಿ ಪಂಚಾಯತುಗಳು ಮಾಡಿಸಿಕೊಡಲಿ.